ಹಸಿ ಮಸಿ

ಮಸಿನಗುಡಿಯಲ್ಲಿ ಇರುದಯರಾಜನ ಡೀಸೆಲ್ ಕಾರನ್ನು ನನ್ನಷ್ಟು ಬಲ್ಲವರಿರಲಿಲ್ಲ. ಹನ್ನೊಂದು ವರ್ಷ ಅದರ ಬಾನೆಟ್ಟಿನೊಳಗೆ ನನ್ನದೊಂದೇ ಕೈ ಆಡಿತ್ತು. ಆ ಹೆಮ್ಮೆಯೇ ನನ್ನ ಕಣ್ಣು ಕಟ್ಟಿತು.

ಅಕ್ಟೋಬರಿನಲ್ಲಿ ಅವನು ಕಾರು ತಂದ. ಊಟಿಗೆ ಏರುವ ಕಲ್ಲಟ್ಟಿ ಘಾಟಿಯಲ್ಲಿ ಎಳೆಯುತ್ತಿರಲಿಲ್ಲ, ಕರಿಹೊಗೆ ಉಗುಳುತ್ತಿತ್ತು, ಇಂಜಿನ್ ದೀಪ ಹೊತ್ತಿಕೊಂಡಿತ್ತು. ಪಕ್ಕದಲ್ಲಿ ಅವನ ಹೆಂಡತಿ ವನರೋಜಾ ಕೂತಿದ್ದಳು. ಅವಳಿಗೆ ಉಬ್ಬಸ.

“ಮಾಡಸಾಮಿ ಅಣ್ಣಾ, ನಂಗೂ ಇವರ ಕಾರಿಗೂ ಒಂದೇ ಕಾಯಿಲೆ. ಇಬ್ಬರಿಗೂ ಏರು ಹತ್ತೋಕಾಗಲ್ಲ!”

“ನಿಂದು ಡಾಕ್ಟ್ರು ನೋಡ್ಲಿ ತಂಗಿ. ಕಾರಿಂದು ನಂಗೆ ಬಿಡು.”

ಸ್ಕ್ಯಾನರ್ ಸಿಕ್ಕಿಸಿದೆ. ಇಜಿಆರ್ ದೋಷ ಎಂದು ತೋರಿಸಿತು. ಇಂಜಿನ್ನಿನ ಹೊಗೆಯಲ್ಲಿ ಒಂದು ಪಾಲನ್ನು ತಣಿಸಿ ಮತ್ತೆ ಇಂಜಿನ್ನಿಗೇ ಉಣಿಸುವ ಏರ್ಪಾಡು ಅದು. ಅದರ ವಾಲ್ವಿಗೆ ಮಸಿ ಕಟ್ಟುವುದು ದಿನನಿತ್ಯದ ಮಾತು. ಬಿಚ್ಚಿ ತೊಳೆದು ಕೂರಿಸಿದೆ. ದೀಪ ಆರಿತು.

ಮೂರು ವಾರಕ್ಕೆ ಮತ್ತೆ ಬಂದ. ವಾಲ್ವ್ ಬಿಚ್ಚಿದರೆ ಮಸಿ ಕೆಸರಿನಂತೆ ಮೆತ್ತಿಕೊಂಡಿತ್ತು. ಮಸಿ ಎಂದರೆ ಒಣಗಿರಬೇಕು, ಬೆರಳಿಗೆ ಪುಡಿಯಾಗಿ ಹತ್ತಬೇಕು. ಇದು ಹಸಿ. ಕಳೆದ ಸಲ ತೊಳೆದ ಎಣ್ಣೆಯೇ ಉಳಿದಿರಬೇಕು ಅಂದುಕೊಂಡೆ.

“ರೇಡಿಯೇಟರ್ ನೀರೂ ಕುಡೀತಿದೆ ಅಣ್ಣಾ. ವಾರವಾರ ಸುರೀತಿದೀನಿ. ಕೆಳಗೆ ಒಂದು ಹನಿ ಬೀಳಲ್ಲ. ಎಲ್ಲಿಗೆ ಹೋಗತ್ತೆ ಅದು?”

“ಮುಚ್ಚಳ ಸಡಿಲ ಆಗಿರತ್ತೆ. ಆವಿಯಾಗಿ ಹೋಗತ್ತೆ.”

“ಬೆಳಿಗ್ಗೆ ಬಿಳಿಹೊಗೆ ಬೇರೆ...”

“ಲೋ, ಈ ಚಳಿಗೆ ನಿನ್ನ ಬಾಯಿಂದಾನೂ ಬಿಳಿಹೊಗೆ ಬರತ್ತೆ. ಮೆಕ್ಯಾನಿಕ್ ನೀನೋ ನಾನೋ?”

ಅವನು ನಕ್ಕುಬಿಟ್ಟ. ಹೊಸ ವಾಲ್ವ್, ಹೊಸ ಮುಚ್ಚಳ ಹಾಕಿ ಕಳಿಸಿದೆ. ಆ ನೀರಿನಿಂದಲೇ ಹೊಗೆ ತಣಿಸುವ ಕೂಲರ್ ಇಂಜಿನ್ನಿನ ಹಿಂದೆ ಅಡಗಿರುತ್ತದೆ. ಅದನ್ನು ಬಿಚ್ಚಲು ಇಡೀ ದಿನ ಬೇಕು. ನಾನು ಬಿಚ್ಚಲಿಲ್ಲ.

ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ವನರೋಜಾಳಿಗೆ ಉಸಿರು ಸಿಕ್ಕಿಕೊಂಡಿತು. ಸೇದುವ ಔಷಧಿಯೂ ಹಿಡಿಯಲಿಲ್ಲ. ಇರುದಯರಾಜ ಅವಳನ್ನು ಹಿಂದಿನ ಸೀಟಿಗೆ ಒರಗಿಸಿಕೊಂಡು ಊಟಿ ಆಸ್ಪತ್ರೆಗೆ ಹೊರಟ. ಏಳನೇ ತಿರುವಿನಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಅವಳ ತುಟಿ ನೀಲಿಗಟ್ಟಿತ್ತು. “ನಿಲ್ಲಿಸ್ಬೇಡಿ,” ಅಂದಳಂತೆ. ಅವನು ನಿಲ್ಲಿಸಲಿಲ್ಲ. ಹದಿನಾಲ್ಕನೇ ತಿರುವಿನಲ್ಲಿ ಬುಸ್ಸೆಂದು ಆವಿ ಎದ್ದು ಇಂಜಿನ್ ಹಿಡಿದುಕೊಂಡು ನಿಂತುಹೋಯಿತು. ಫೋನಿಗೆ ಸಿಗ್ನಲ್ ಇಲ್ಲ. ಅವಳನ್ನು ಬೆನ್ನಿಗೆ ಹೊತ್ತು ಏರು ಹತ್ತಿದ. ಇಪ್ಪತ್ತು ನಿಮಿಷದ ಮೇಲೆ ಕೆಳಗಿನಿಂದ ಒಂದು ಜೀಪು ಬಂತು. ಅಷ್ಟರಲ್ಲಿ ಅವಳು ಅವನ ಬೆನ್ನ ಮೇಲೆಯೇ ಪ್ರಾಣ ಬಿಟ್ಟಿದ್ದಳು.

ಮಣ್ಣು ಕೊಟ್ಟ ಮೂರನೇ ದಿನ ಕಾರನ್ನು ಎಳೆದು ತಂದು ನನ್ನ ಶೆಡ್ಡಿನ ಮುಂದೆ ಬಿಟ್ಟರು. ಯಾರೂ ಹೇಳದಿದ್ದರೂ ಕೂಲರ್ ಬಿಚ್ಚಿದೆ. ಒಂದು ತುದಿ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹೊಡೆದೆ. ಒಳಗಿನ ಬಿರುಕಿನಿಂದ ಗುಳ್ಳೆಗಳು ಸಾಲುಸಾಲಾಗಿ ಎದ್ದವು. ರೇಡಿಯೇಟರ್ ನೀರೆಲ್ಲ ಆ ದಾರಿಯಿಂದಲೇ ಹೊಗೆಯೊಳಗೆ ಸೇರಿ ಹೋಗುತ್ತಿತ್ತು. ಇಂಜಿನ್ ತಣಿಸಲು ನೀರೇ ಉಳಿದಿರಲಿಲ್ಲ.

ಅವನ ಮನೆಗೆ ಹೋದೆ. ಬಂದವರಿಗೆಲ್ಲ ಅವನದು ಒಂದೇ ಮಾತು. ನನಗೂ ಅದನ್ನೇ ಹೇಳಿದ.

“ಮುಳ್ಳು ಕೆಂಪಿಗೆ ಬಂದಾಗ ನಿಲ್ಲಿಸಿ ಇಂಜಿನ್ ತಣಿಸ್ಬೇಕಿತ್ತು ಅಣ್ಣಾ. ಕೈಯಾರೆ ನಾನೇ ಕೊಂದೆ.”

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಮಾತು ಕೇಳಿಸಿಕೊಂಡು ಕೂರಲು ನನ್ನಿಂದಾಗಲಿಲ್ಲ. ಹಸಿ ಮಸಿ, ಬಿಳಿಹೊಗೆ, ಬಿರುಕು, ಎಲ್ಲವನ್ನೂ ಹೇಳಿದೆ.

ಅವನು ತಲೆ ಎತ್ತಿದ. “ನಾನು ಕೇಳಿದ್ನಲ್ಲಣ್ಣಾ, ನೀರು ಎಲ್ಲಿಗೆ ಹೋಗತ್ತೆ ಅಂತ.”

“ಹೌದು, ನೀನು ಕೇಳಿದ್ದೆ.”

ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ.

“ಇದನ್ನ ನಂಗೆ ಹೇಳ್ಬಾರ್ದಿತ್ತು ನೀವು. ನನ್ನ ಮೇಲೆ ನಂಗೆ ಸಿಟ್ಟಿತ್ತು, ಅಷ್ಟೇ. ಅವಳು ಹೋದ್ಮೇಲೆ ನೀವೊಬ್ಬರಾದ್ರೂ ಇದೀರಲ್ಲ ಅಂದ್ಕೊಂಡಿದ್ದೆ.”

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ನಿಂತು ಎರಡು ಸಲ ಕೂಗಿದೆ. ಕೊನೆಗೆ ಶೆಡ್ಡಿಗೆ ಮರಳಿದೆ.

ಕ್ರಿಸ್‌ಮಸ್ಸಿಗೆ ಮುಂಚೆಯೇ ಅವನು ಗೂಡಲೂರಿನ ಅಕ್ಕನ ಮನೆ ಸೇರಿದ. ಈಗ ಗಾಡಿ ಓಡಿಸುವುದಿಲ್ಲವಂತೆ. ನನ್ನ ಹತ್ತಿರ ಈಗಲೂ ಜನ ಕಾರು ತರುತ್ತಾರೆ. ಬಾನೆಟ್ ಎತ್ತುತ್ತೇನೆ, ಸದ್ದು ಕೇಳುತ್ತೇನೆ. ದೋಷ ಇಂಥದ್ದೇ ಎನ್ನಲು ಮಾತ್ರ ಬಾಯಿ ಬರುವುದಿಲ್ಲ.

“ಬೇರೆ ಕಡೆ ತೋರಿಸಿ,” ಎಂದು ಬಾನೆಟ್ ಮುಚ್ಚಿಬಿಡುತ್ತೇನೆ.