ಎರಡೂ ಪಟ್ಟಿಯಲ್ಲಿ ಇಲ್ಲದ ಅಮ್ಮ

ಆ ಬೀದಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ಒಂದೇ ಮಾತು. ಸೋಪು ದುಬಾರಿ, ಸಕ್ಕರೆ ದುಬಾರಿ, ಚಪ್ಪಲಿಯನ್ನಂತೂ ಮುಟ್ಟುವ ಹಾಗೇ ಇಲ್ಲ. ಹೊಸ ಕಾನೂನು ಬಂದು ಎರಡು ತಿಂಗಳಾಗಿತ್ತು. ಆದಾಯ ತೆರಿಗೆ ರದ್ದು. ಯಾರ ಸಂಬಳದಿಂದಲೂ ಹಿಡಿಯುವುದಿಲ್ಲ. ಅದರ ಬದಲು, ಅಂಗಡಿಯಲ್ಲಿ ಹೊಸ ಸಾಮಾನು ಕೊಂಡಾಗ ದೇಶಕ್ಕೆಲ್ಲ ಒಂದೇ ಮಾರಾಟ ತೆರಿಗೆ. ದುಡಿದಾಗ ಬೇಡ, ಖರ್ಚು ಮಾಡಿದಾಗ ಕಟ್ಟಿ ಅನ್ನುವುದು ಅದರ ತಾತ್ಪರ್ಯ.

ಮೂಲೆಮನೆಯ ಇಸ್ತ್ರಿಯಮ್ಮ ಇದನ್ನೆಲ್ಲ ಕಿವಿಗೆ ಹಾಕಿಕೊಂಡವಳೇ ಅಲ್ಲ. ಮೂವತ್ತು ವರ್ಷದಿಂದ ಆ ಮನೆಯ ನಡುಕೋಣೆಯೇ ಅವಳ ಅಂಗಡಿ. ಎಡಗಡೆ ಬಾಗಿಲು ತೆಗೆದರೆ ಬಸ್ ಓಡಿಸುವ ದೊಡ್ಡ ಮಗನ ಸಂಸಾರ. ಬಲಗಡೆ ಬಾಗಿಲು ತೆಗೆದರೆ ಮರಗೆಲಸದ ಚಿಕ್ಕ ಮಗನ ಸಂಸಾರ. ಸೊಸೆಯಂದಿರ ಒಲೆ ಬೇರೆಯಾಗಿ ನಾಲ್ಕು ವರ್ಷ. ಅಮ್ಮನಿಗೆ ಬೆಳಗಿನ ತಿಂಡಿ ಎಡಗಡೆ, ರಾತ್ರಿ ಊಟ ಬಲಗಡೆ, ಮಲಗುವುದು ಇಸ್ತ್ರಿ ಮೇಜಿನ ಪಕ್ಕದ ಮಂಚದಲ್ಲಿ. "ನಂಗೇನು ಕಮ್ಮಿ? ಎರಡು ಮನೆ ಯಜಮಾನಿ" ಎಂದು ನಗುತ್ತಿದ್ದಳು.

ಮಕ್ಕಳಿಬ್ಬರಿಗೂ ಬೆಳಗಾದರೆ ಈ ತೆರಿಗೆಯದೇ ಜಗಳ.

"ಮೊದಲ ಸಲ ಸಂಬಳ ಪೂರ್ತಿ ಕೈಗೆ ಬಂತು ಕಣೋ!" ಎಂದು ದೊಡ್ಡವನು ಮೀಸೆ ತಿರುವುತ್ತಿದ್ದ.

"ಬಂತು, ನಿನಗೆ ಬಂತು. ನಾನ್ಯಾವತ್ತಣ್ಣ ಆದಾಯ ತೆರಿಗೆ ಕಟ್ಟೋಷ್ಟು ದುಡಿದಿದ್ದೆ? ಈಗ ಮಗು ಚಪ್ಪಲಿಗೂ ಕಟ್ತಿದ್ದೀನಿ" ಎಂದು ಚಿಕ್ಕವನು ಮೂಗು ಮುರಿಯುತ್ತಿದ್ದ.

"ಅದಕ್ಕೇ ತಲೆಗಿಷ್ಟು ಅಂತ ತಿಂಗಳು ತಿಂಗಳು ವಾಪಸ್ ಕೊಡ್ತಾರಲ್ಲೋ. ಫಾರಂ ತುಂಬಿದ್ಯೋ ಇಲ್ವೋ?"

"ಯಾವಾಗ್ಲೋ ತುಂಬಿ ಕೊಟ್ಟಾಯ್ತು."

ಅಮ್ಮ ಇಸ್ತ್ರಿ ಎಳೆಯುತ್ತ ಕೇಳುತ್ತಿದ್ದಳು. ತೆರಿಗೆ ಅನ್ನುವುದು ಸಂಬಳದವರ ತಲೆನೋವು, ತನಗೂ ಅದಕ್ಕೂ ಏನು ಸಂಬಂಧ ಅನ್ನುವುದು ಅವಳ ನಂಬಿಕೆ. ಅವಳ ತಲೆನೋವೇ ಬೇರೆ ಇತ್ತು. ಕಣ್ಣಿನ ಔಷಧಿಯ ಸೀಸೆಯ ಬೆಲೆ ಏರಿತ್ತು. ಡಾಕ್ಟರು ಎರಡು ಹೊತ್ತು ಬಿಡಬೇಕೆಂದಿದ್ದ ಹನಿಯನ್ನು ಅವಳು ಒಂದು ಹೊತ್ತಿಗೆ ಇಳಿಸಿದಳು. ಆಮೇಲೆ ದಿನ ಬಿಟ್ಟು ದಿನ. ಮಕ್ಕಳಿಗೆ ಹೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆಂದು ಗುಟ್ಟಾಗಿಟ್ಟಳು.

ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಒಂದು ಬೆಳಿಗ್ಗೆ ಸುಟ್ಟ ವಾಸನೆ ಬಂತು. ಇಸ್ತ್ರಿಪೆಟ್ಟಿಗೆಯ ಬಿಸಿಯ ಗುಂಡಿ ಎಲ್ಲಿಗೆ ತಿರುಗಿದೆ ಎಂದು ಅವಳಿಗೆ ಕಂಡಿರಲಿಲ್ಲ. ಎತ್ತಿ ನೋಡಿದರೆ ಅಂಚೆಯಮ್ಮನ ಖಾಕಿ ಅಂಗಿಯ ಬೆನ್ನಿನ ಮೇಲೆ ಕಪ್ಪು ಮಚ್ಚೆ! ಇಸ್ತ್ರಿಯಮ್ಮ ಗಡಿಬಿಡಿಯಲ್ಲಿ ಪ್ಲಗ್ ಕಿತ್ತಳು. ಮೂವತ್ತು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಸುಟ್ಟವಳಲ್ಲ. ಕಣ್ಣು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ತಾನು ಎರಡೂ ಬಾಗಿಲಿಗೆ ಭಾರ. ಅವಳಿಗೆ ಅಳುವೇ ಬಂದುಬಿಟ್ಟಿತು.

ಅಷ್ಟರಲ್ಲಿ ಅಂಚೆಯಮ್ಮನೇ ಬಂದಳು. ಬೀದಿಗೆಲ್ಲ ಕಾಗದ ಹಂಚುವವಳು, ಎಲ್ಲರ ಫಾರಂ ಓದಿ ಹೇಳುವವಳು, ಬಾಯಿ ಸ್ವಲ್ಪ ಜೋರು.

"ಅಯ್ಯೋ, ಹೋಗ್ಲಿ ಬಿಡಿ ಅಮ್ಮ! ಮೇಲೆ ಬ್ಯಾಗ್ ನೇತಾಕ್ಕೊಂಡ್ರೆ ಯಾರಿಗೆ ಕಾಣುತ್ತೆ? ಅದಿರ್ಲಿ, ನಿಮ್ಮ ಕಣ್ಣಿಗೇನಾಯ್ತು ಹೇಳಿ."

ಅಮ್ಮ ಮೊದಲು ಏನಿಲ್ಲ ಅಂದಳು, ಆಮೇಲೆ ಹೊಗೆ ಅಂದಳು, ಕೊನೆಗೆ ಸೀಸೆ ತಂದು ತೋರಿಸಿದಳು.

ಅಂಚೆಯಮ್ಮ ಹಣೆ ಚಚ್ಚಿಕೊಂಡಳು. "ಔಷಧಿ ಕೊಂಡಾಗ ತೆರಿಗೆ ಕಟ್ಟಿದ್ದೀರಲ್ಲ, ವಾಪಸ್ ಹಣ ಬರ್ತಿಲ್ವಾ?"

"ನಾನ್ಯಾವಾಗ ಕಟ್ಟಿದೆನೇ? ಜನ್ಮದಲ್ಲಿ ತೆರಿಗೆ ಆಫೀಸಿನ ಮೆಟ್ಟಿಲು ಹತ್ತಿದವಳಲ್ಲ."

"ಈಗ ಮೆಟ್ಟಿಲು ಹತ್ತೋದು ಬೇಡಮ್ಮ, ಅಂಗಡೀಲೇ ಹಿಡೀತಾರೆ. ಸೋಪು ಕೊಂಡ್ರಾ? ಕಟ್ಟಿದ್ರಿ. ಗಂಜಿಪುಡಿ ಕೊಂಡ್ರಾ? ಕಟ್ಟಿದ್ರಿ. ಅಂಗಡಿಯವನು ಇವಳು ಬಡವಿ, ಅವನು ಸಾಹುಕಾರ ಅಂತ ನೋಡಲ್ಲ, ಎಲ್ಲರಿಗೂ ಒಂದೇ ದರ. ಬಡವರ ದುಡ್ಡೆಲ್ಲ ಅಂಗಡಿಗೇ ಹೋಗೋದು, ಅವರಿಗೆ ಹೊಡೆತ ಜಾಸ್ತಿ. ಅದಕ್ಕೇ, ಬದುಕೋಕೆ ಬೇಕಾದ ಸಾಮಾನಿನ ಮೇಲಿನ ತೆರಿಗೆಯಷ್ಟನ್ನ ಪ್ರತಿಯೊಬ್ಬರಿಗೂ ವಾಪಸ್ ಕೊಡ್ತಾರೆ. ಇದು ದಾನ ಅಲ್ಲ, ನಿಮ್ಮದೇ ದುಡ್ಡು."

"ಹೆಸರು ಬರೆಸಿದ್ರೆ ಅಧಿಕಾರಿಗಳು ಮನೆಗೆ ಬಂದು ಪೆಟ್ಟಿಗೆ ತೆಗೆದು ನೋಡ್ತಾರಂತೆ."

"ಯಾರು ಹೇಳಿದ್ದು?"

"ಹಾಲಿನವನು."

"ಹಾಲಿಗೆ ನೀರು ಎಷ್ಟು ಹಾಕ್ತಾನೆ ಕೇಳಿ, ಅದಕ್ಕೆ ಬೇಕಾದ್ರೆ ಸರಿಯಾದ ಉತ್ತರ ಕೊಟ್ಟಾನು. ಎಷ್ಟು ದುಡೀತೀರಿ ಅಂತ ಈ ಫಾರಂನಲ್ಲಿ ಕೇಳೋದೇ ಇಲ್ಲಮ್ಮ. ಮನೇಲಿ ಎಷ್ಟು ಜನ, ಅಷ್ಟೇ."

"ಹಾಗಾದ್ರೆ ಮಕ್ಕಳು ಬರೆಸಿರ್ತಾರೆ ಬಿಡು."

ಅವತ್ತು ರಜೆ. ಅಂಚೆಯಮ್ಮ ಎರಡೂ ಬಾಗಿಲು ಬಡಿದಳು. ಅಣ್ಣತಮ್ಮಂದಿರು ತಮ್ಮ ತಮ್ಮ ಫಾರಂನ ಪ್ರತಿ ಹಿಡಿದು ಬಂದರು, ಹಿಂದೆಯೇ ಸೊಸೆಯಂದಿರೂ ಬಂದರು. ದೊಡ್ಡವನ ಪಟ್ಟಿಯಲ್ಲಿ ನಾಲ್ಕು ಹೆಸರು: ತಾನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಚಿಕ್ಕವನ ಪಟ್ಟಿಯಲ್ಲಿ ಮೂರು: ತಾನು, ಹೆಂಡತಿ, ಮಗು.

"ಅಮ್ಮ ಎಲ್ಲಿ?" ಅಂದಳು ಅಂಚೆಯಮ್ಮ.

"ತಮ್ಮ ಬರೆದಿರ್ತಾನಲ್ಲ, ರಾತ್ರಿ ಊಟ ಅಲ್ಲೇ ತಾನೇ" ಅಂದ ದೊಡ್ಡವನು.

"ನಾನು ಅಣ್ಣ ಬರೆದಿರ್ತಾನೆ ಅಂತ... ಹಿರೀಮಗ ಅಲ್ವಾ" ಎಂದು ಚಿಕ್ಕವನು ನಾಲಿಗೆ ಕಚ್ಚಿಕೊಂಡ.

ಎರಡು ಮನೆಯ ಯಜಮಾನಿ ಒಂದು ಮನೆಯ ಪಟ್ಟಿಯಲ್ಲೂ ಇರಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ, ಅದು ಅವಳಿಗೂ ಗೊತ್ತು. ಆದರೂ ನೋವಾಯಿತು, ಬಹಳ ನೋವಾಯಿತು. ಸುಟ್ಟ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ದೊಡ್ಡವನ ಕಣ್ಣು ಔಷಧಿ ಸೀಸೆಯ ಮೇಲೆ ಬಿತ್ತು. "ಅಮ್ಮ, ಇದು ಹೋದ ತಿಂಗಳೇ ಮುಗೀಬೇಕಿತ್ತಲ್ಲ?" ಅಂಚೆಯಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅವನ ಮುಖ ಸಪ್ಪಗಾಯಿತು. ಪೂರ್ತಿ ಸಂಬಳದ ಜಂಬವೆಲ್ಲ ಎಲ್ಲಿ ಹೋಯಿತೋ!

"ತಪ್ಪಾಯ್ತಮ್ಮ. ಈಗ್ಲೇ ನನ್ನ ಪಟ್ಟಿಗೆ ಸೇರಿಸ್ತೀನಿ."

"ನಿನ್ನದಕ್ಕೆ ಯಾಕೆ? ನನ್ನದಕ್ಕೆ ಸೇರಿಸ್ತೀನಿ" ಅಂದ ಚಿಕ್ಕವನು.

"ಇಬ್ರೂ ಬರೆದ್ರೆ ಎರಡು ಅರ್ಜಿಯೂ ತಡೆದು ನಿಲ್ಲಿಸ್ತಾರೆ" ಎಂದು ಅಂಚೆಯಮ್ಮ ಗದರಿದಳು. "ಒಬ್ಬರ ಹೆಸರು ಒಂದೇ ಕಡೆ. ನಾಡಿದ್ದೇ ಕೊನೆ ದಿನ. ನೀವಲ್ಲ, ಅಮ್ಮ ಹೇಳ್ಲಿ."

ಅಮ್ಮ ಎಡಗಡೆ ಬಾಗಿಲು ನೋಡಿದಳು, ಬಲಗಡೆ ಬಾಗಿಲು ನೋಡಿದಳು. ಆಮೇಲೆ ಅಂಚೆಯಮ್ಮನನ್ನು ಕೇಳಿದಳು: "ಅದರಲ್ಲಿ ಮನೆ ಯಜಮಾನರು ಯಾರು ಅಂತ ಒಂದು ಜಾಗ ಇದೆಯಲ್ಲ, ಅಲ್ಲಿ ಗಂಡಸರೇ ಇರಬೇಕಾ?"

"ಯಾರು ಬೇಕಾದ್ರೂ ಇರಬಹುದು. ಒಬ್ಬರೇ ಇದ್ರೂ ಅದು ಒಂದು ಮನೆಯೇ."

"ಹಾಗಾದ್ರೆ ನನಗೊಂದು ಹೊಸ ಫಾರಂ ಕೊಡು. ನಡುಕೋಣೇಲಿ ದುಡೀತೀನಿ, ನಡುಕೋಣೇಲಿ ಮಲಗ್ತೀನಿ. ಇದೇ ನನ್ನ ಮನೆ."

"ಅಮ್ಮ, ಕೋಪಾನಾ?" ಎಂದ ಚಿಕ್ಕವನು ಮೆತ್ತಗೆ.

"ಇತ್ತು. ಬರೆದು ಮುಗಿಸೋದ್ರೊಳಗೆ ಹೋಗುತ್ತೆ."

ಬಟ್ಟೆಗಳ ಕಾಲರಿನ ಒಳಗೆ ಗಿರಾಕಿಗಳ ಗುರುತು ಬರೆಯುವ ಪೆನ್ನನ್ನೇ ಎತ್ತಿಕೊಂಡಳು. ಎಲ್ಲರ ಗುರುತು ಬರೆದ ಕೈ, ಇವತ್ತು ತನ್ನ ಪೂರ್ತಿ ಹೆಸರನ್ನು ನಿಧಾನವಾಗಿ ಬರೆಯಿತು. ಕಣ್ಣು ಮಂಜಾಗಿದ್ದರಿಂದ ಸಾಲು ಸ್ವಲ್ಪ ಸೊಟ್ಟಗಾಯಿತು. ದೊಡ್ಡವನು ಕಾಗದ ಹಿಡಿದುಕೊಂಡ, ಚಿಕ್ಕವನು ಕಿಟಕಿ ತೆಗೆದ. "ಒಟ್ಟು ಜನ" ಅನ್ನುವ ಜಾಗದಲ್ಲಿ ಒಂದು ಎಂದು ಬರೆಯುವಾಗ ಸೊಸೆಯಂದಿರ ಮುಖ ಸಣ್ಣಗಾಯಿತು.

ಅಮ್ಮ ನಕ್ಕುಬಿಟ್ಟಳು. "ಹೆದರಬೇಡ್ರೇ, ಊಟ ಎಲ್ಲಿ ಅಂತ ಇದರಲ್ಲಿ ಕೇಳಿಲ್ಲ. ತಿಂಡಿ ಅಲ್ಲಿ, ಊಟ ಇಲ್ಲಿ, ಅದು ಹಾಗೇ."

ಆ ದಿನವೇ ದೊಡ್ಡವನು ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ದ. ಕಣ್ಣಿಗೆ ಸರಿಯಾಗದಂಥ ಹಾನಿಯೇನೂ ಆಗಿಲ್ಲ, ಆದರೆ ಔಷಧಿ ತಪ್ಪಿಸಬಾರದು ಎಂದರು ಡಾಕ್ಟರು. ಮುಂದಿನ ತಿಂಗಳು ಅಂಚೆಯಮ್ಮ ವಾಪಸ್ ಹಣದ ಲಕೋಟೆ ಹಿಡಿದು ಬಂದು, ಎರಡು ಬಾಗಿಲನ್ನೂ ಬಿಟ್ಟು ಸೀದಾ ನಡುಕೋಣೆಯ ಮುಂದೆ ನಿಂತು, "ಮನೆ ಯಜಮಾನರು ಇದ್ದಾರಾ?" ಎಂದು ಕೂಗಿದಳು. "ಇದ್ದೀನಮ್ಮಾ, ಬಾ!" ಎಂದು ಅಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಎದ್ದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂಬಳದ ಮೇಲಿನ ತೆರಿಗೆ ಒಳ್ಳೆಯದೋ ಸಾಮಾನಿನ ಮೇಲಿನದು ಒಳ್ಳೆಯದೋ ಎಂದು ಈ ಅಣ್ಣತಮ್ಮಂದಿರು ಇವತ್ತಿಗೂ ಜಗಳವಾಡುತ್ತಾರೆ. ನೀವೂ ಆಡಿ, ತಪ್ಪಿಲ್ಲ. ಆದರೆ ತೆರಿಗೆ ದುಡಿಯುವವರಿಗೆ ಮಾತ್ರ ಎಂದುಕೊಳ್ಳಬೇಡಿ. ಸೋಪು ಕೊಳ್ಳುವ ಅಜ್ಜಿಯೂ ಕಟ್ಟುತ್ತಾಳೆ. ಕಟ್ಟುವವರಿಗೆ ಕೇಳುವ ಹಕ್ಕಿದೆ. ನಿಮ್ಮ ಮನೆಗೆ ಯಾವ ಸರ್ಕಾರಿ ಫಾರಂ ಬಂದರೂ ಹಾಲಿನವನನ್ನು ಕೇಳಬೇಡಿ, ಓದಿ, ತಿಳಿದವರನ್ನು ಕೇಳಿ, ಕೊನೆಯ ದಿನಕ್ಕೆ ಮುಂಚೆ ತುಂಬಿ. ತುಂಬಿದ ಮೇಲೆ ಇನ್ನೊಮ್ಮೆ ಎದ್ದು ಮನೆಯೊಳಗೆ ಹೋಗಿ ಎಣಿಸಿ ಬನ್ನಿ. ಇನ್ನೊಬ್ಬರು ಬರೆದಿರುತ್ತಾರೆ ಎಂದು ನೀವು ಬಿಟ್ಟ ಹೆಸರು ಯಾರದು?