ಸ್ಕ್ವಾಂಡರ್ ಪದಕ್ಕೊಂದು ಉದಾಹರಣೆ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಹಟಮಾರಿ ನಿಯಮವಿದೆ. ಪ್ರತಿ ಇಂಗ್ಲಿಷ್ ಪದದ ಚೀಟಿಯಲ್ಲೂ ಅರ್ಥದ ಕೆಳಗೆ ಒಂದು ಉದಾಹರಣೆ ವಾಕ್ಯ ಬರೆಯಬೇಕು, ಅದು ನಮ್ಮ ಮನೆಯಲ್ಲೋ ಬೀದಿಯಲ್ಲೋ ನಿಜವಾಗಿ ನಡೆದದ್ದಾಗಿರಬೇಕು. ಕಟ್ಟುಕಥೆ ಹೊಸೆದರೆ ಸಂಪಾದಕರಿಗೆ ತಕ್ಷಣ ವಾಸನೆ ಬಡಿಯುತ್ತದೆ. ಬೆನ್ನ ಹಿಂದೆ ನಾವು ಅವರನ್ನು ಕೆಂಪು ಪೆನ್ಸಿಲ್ ಎನ್ನುತ್ತೇವೆ.

ಅಪ್ಪ ತೀರಿಕೊಂಡ ಮೂರು ವಾರಕ್ಕೆ ನಾನು ಕೆಲಸಕ್ಕೆ ಮರಳಿದೆ. ಮೇಜಿನ ಮೇಲೆ ಹಣ ಕೊಡುವ, ಖರ್ಚು ಮಾಡುವ ಕ್ರಿಯಾಪದಗಳ ಕಟ್ಟು ಕಾದು ಕೂತಿತ್ತು. ದುಡ್ಡು ಬಿಚ್ಚಲು ಇಂಗ್ಲಿಷಿನವರಿಗೆ ಇಷ್ಟೊಂದು ಪದ ಯಾಕೆ ಬೇಕಿತ್ತೋ! ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಮನಸ್ಸು ಮರಗಟ್ಟಿತ್ತು, ಕೈ ತನ್ನ ಪಾಡಿಗೆ ಬರೆಯುತ್ತಿತ್ತು. ಪೇ: ಅಣ್ಣ ಆಸ್ಪತ್ರೆಯ ಬಿಲ್ಲು ಕಟ್ಟಿದ. ಶೆಲ್ ಔಟ್: ಒಂದು ಸ್ಕ್ಯಾನಿಗೆ ನನ್ನ ತಿಂಗಳ ಸಂಬಳ ತೆತ್ತೆ. ಸ್ಪ್ಲರ್ಜ್: ಅಪ್ಪ ಒಮ್ಮೆ ಹಿಂದೆಮುಂದೆ ನೋಡದೆ ನನಗೆ ಕೆಂಪು ಬೂಟು ಕೊಡಿಸಿದರು.

ಸ್ಕ್ವಾಂಡರ್ ಬಂದಾಗ ಪೆನ್ನು ನಿಂತಿತು. ಅರ್ಥ, ಪೋಲು ಮಾಡು.

ಎರಡನೇ ಆಪರೇಷನ್ ಮಾಡಿದರೆ ಹತ್ತರಲ್ಲಿ ಒಂದು ಪಾಲು ಆಸೆಯಿದೆ ಎಂದು ಡಾಕ್ಟರ್ ಹೇಳಿದ್ದರು. ದುಡ್ಡಿತ್ತು, ಅದೂ ಅಪ್ಪನದೇ. ಆದರೆ ಕೌಂಟರಿನ ಮುಂದೆ ಅಣ್ಣ ದನಿ ತಗ್ಗಿಸಿದ್ದ.

"ಇನ್ನು ಸುರಿದ್ರೆ ಬರೀ ಪೋಲು ಕಣೇ. ಮನೆಗೆ ಕರ್ಕೊಂಡು ಹೋಗೋಣ."

ನಾನು ಹೂಂ ಎಂದು ತಲೆಯಾಡಿಸಿದ್ದೆ. ಅಪ್ಪ ಮನೆಯಲ್ಲಿ ನಾಲ್ಕು ದಿನ ಇದ್ದರು.

ಚೀಟಿಯಲ್ಲಿ ಬರೆದೆ: ಆಪರೇಷನ್ನಿಗೆಂದು ನಾವು ಅಪ್ಪನ ಹಣ ಪೋಲು ಮಾಡಲಿಲ್ಲ.

ಮಧ್ಯಾಹ್ನ ಸಂಪಾದಕರೇ ಆ ಚೀಟಿ ಹಿಡಿದು ಬಂದರು. ನನ್ನ ದುಃಖ ಅವರಿಗೆ ಗೊತ್ತಿತ್ತು. ಆದರೆ ಪದದ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಬೀಳುವವರಲ್ಲ.

"ಇಲ್ಲಿ ಇದು ಹೊಂದಲ್ಲಮ್ಮ. ಖರ್ಚು ಮಾಡಿ ನೋಡಿದ್ಮೇಲೆ ತಾನೆ ಪೋಲಾಯ್ತೋ ಇಲ್ವೋ ಗೊತ್ತಾಗೋದು?"

ಹೌದು ಸರ್ ಎಂದೆ. ಅವರು ಹೋದ ಮೇಲೆ ಕಟ್ಟಿನ ಕೊನೆಯ ಚೀಟಿ ಎಳೆದುಕೊಂಡೆ. ಸ್ಕಿಂಪ್. ಅರ್ಥ, ಬೇಕಾದ ಕಡೆಯೂ ಜಿಪುಣತನ ಮಾಡು. ಅದರ ಕೆಳಗೆ ಬರೆದೆ: ಅಪ್ಪನ ಆಪರೇಷನ್ನಿಗೆ ನಾವು ಕೈ ಬಿಗಿ ಹಿಡಿದೆವು.

ಸಂಜೆ ಸ್ಕಿಂಪ್ ಚೀಟಿ ಸಂಪಾದಕರಿಂದ ತಿರುಗಿ ಬಂತು. ಒಂದಕ್ಷರವನ್ನೂ ತಿದ್ದಿರಲಿಲ್ಲ. ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಪುಟ್ಟ ಸರಿ ಗುರುತು ಇತ್ತು. ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಮೂರು ವಾರದಲ್ಲಿ ಮೊದಲ ಸಲ ಅಳು ಬಂತು.