ಆರು ಗಂಟೆಯ ಪುಟ

“ನೀರಾದ್ರೂ ಕುಡಿ ಕಿರಣಪ್ಪ,” ಎಂದು ಚಿಕ್ಕಸಿದ್ದಮ್ಮ ಚೊಂಬನ್ನು ಜಗಲಿಯ ಮೇಲಿಟ್ಟಳು. ಗಂಡ ಮುದ್ದಯ್ಯ ಸತ್ತ ಮೂರನೇ ದಿನದ ಹಾಲುತುಪ್ಪ ಮುಗಿಸಿ ನೆಂಟರು ಆಗತಾನೇ ಬಸ್ಸಿಗೆ ಹೊರಟಿದ್ದರು. ಕಿರಣ್‌ಕುಮಾರ್ ಚೊಂಬೆತ್ತಿ ಕುಡಿದ. ನೀರು ತಣ್ಣಗಿದೆಯೋ ಇಲ್ಲವೋ ತಿಳಿಯಲಿಲ್ಲ.

ಹಂಪಾಪುರದಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ. ಜೊತೆಗೆ ಕಾಡಂಚಿನ ಹನ್ನೊಂದು ಹಳ್ಳಿಗಳಿಗೆಂದು ಒಂದು ವೆಬ್‌ಸೈಟ್ ನಡೆಸುತ್ತಿದ್ದ. ಒಂದೇ ಪುಟ, ಇವತ್ತು ಆನೆ ಯಾವ ಕಡೆ ಇದೆ, ಅಷ್ಟೇ. ಮುದ್ದಯ್ಯ ಕಾಕನಕೋಟೆ ಕಾಡಂಚಿನಲ್ಲಿ ಆನೆ ತಡೆಯಲು ತೋಡಿದ ಕಂದಕದುದ್ದಕ್ಕೂ ನಡೆದು, ಹೆಜ್ಜೆ, ಲದ್ದಿ ನೋಡಿ, ಸಂಜೆ ಫೋನ್ ಮಾಡುತ್ತಿದ್ದ. “ಕಾಪಿ ಕುಡುದ್ಯೇನ್ಲಾ?” ಎಂದೇ ಮಾತು ಶುರು. ಅವನು ಹೇಳಿದ್ದನ್ನು ಟೈಪ್ ಮಾಡಿ, ಕಿರಣ ಕೈಯಾರೆ ಪುಟಕ್ಕೆ ಏರಿಸುತ್ತಿದ್ದ. ಫೋನ್ ಬರದ ದಿನ ತಾನೇ ಮಾಡುತ್ತಿದ್ದ: “ಎಲ್ಲಿದ್ದೀಯಾ ಮುದ್ದಣ್ಣ, ಆನೆ ಮೇಲೆ ಕೂತ್ಬುಟ್ಯಾ?”

ಎರಡು ತಿಂಗಳ ಹಿಂದೆ ಎಲ್ಲವೂ ತಾನಾಗಿಯೇ ನಡೆಯುವಂತೆ ಮಾಡಿದ್ದ. ಮುದ್ದಯ್ಯ ಆನೆ ಇರುವ ಕಡೆಯ ಹಳ್ಳಿಯ ನಂಬರನ್ನು, ಇಲ್ಲದಿದ್ದರೆ ಸೊನ್ನೆಯನ್ನು ಮೆಸೇಜ್ ಮಾಡಿದರೆ ಸಾಕು. ಆರು ಗಂಟೆಗೆ ಕಂಪ್ಯೂಟರೇ ಅದನ್ನು ಎತ್ತಿಕೊಂಡು, ಹೊಸ ಪುಟ ಕಟ್ಟಿ, ಮೇಲೇರಿಸಿ, ಕಿರಣನ ಫೋನಿಗೆ ತಿಳಿಸುತ್ತಿತ್ತು. ಮೆಸೇಜ್ ಬರದಿದ್ದರೆ ಪುಟ ಬೋಳಾಗಿ ಕಾಣುತ್ತಿತ್ತು. ಅಂಥ ದಿನಕ್ಕೆಂದು ಅವನೇ ಒಂದು ಸಾಲು ಬರೆದಿಟ್ಟಿದ್ದ: ‘ಇಂದು ಆನೆ ಇಲ್ಲ.’

“ಅವತ್ತು ಒತ್ತು ಮುಳುಗುದ್ರೂ ಬರ್ಲಿಲ್ಲ,” ಎಂದಳು ಚಿಕ್ಕಸಿದ್ದಮ್ಮ. “ಪಕ್ಕದ್ಮನೆ ಪುಟ್ಟಲಕ್ಷ್ಮಿ ಫೋನಲ್ಲಿ ನೋಡಿ, ‘ಆನೆ ಇಲ್ಲ ಅಂತ ಬಂದದೆ ಕಣಕ್ಕ’ ಅಂದ್ಲು. ಅವ್ರೇ ಕಳ್ಸವ್ರಲ್ಲ, ಎಲ್ಲೋ ಮಾತಾಡ್ಕಂಡು ಕುಂತವ್ರೆ ಬುಡು ಅಂತ ಮುದ್ದೆ ಮುಚ್ಚಿಟ್ಟು ಮನೀಕಂಡೆ.”

ಬೆಳಿಗ್ಗೆ ಕಂದಕದ ಪಕ್ಕ ಸಿಕ್ಕಾಗ, ಆನೆ ತುಳಿದ ಮೈ ಇನ್ನೂ ಬೆಚ್ಚಗಿತ್ತು, ರಾತ್ರಿಯೆಲ್ಲ ಜೀವ ಇತ್ತೇನೋ ಎಂದು ಹೊತ್ತು ತಂದವರು ಹೇಳಿದ್ದರು.

“ಆರ್ ಗಂಟೆಗಂಟ ಚೆನ್ನಾಗೇ ಇದ್ರು, ಅಲ್ವೇನಪ್ಪ?”

ಹೂಂ ಎಂದುಬಿಡಬಹುದಿತ್ತು. ಕಿರಣ ಚೊಂಬಿನ ಅಂಚನ್ನು ನೋಡಿದ.

“ಅವ್ರು ಕಳ್ಸಿರ್ಲಿಲ್ಲ ಕಣಕ್ಕ.”

“ಮತ್ತೆ? ನೀನು ಕಳ್ಸುದ್ಯಾ?”

“ಇಲ್ಲ. ಯಾರೂ ಏನೂ ಕಳಿಸ್ದಿದ್ರೆ ಕಂಪ್ಯೂಟ್ರೇ ಅಂಗೆ ಹಾಕ್ಕೊತದೆ. ಅಂಗೆ ಬರ್ದಿಟ್ಟೋನು ನಾನೇ.”

ಅವಳು ಸೆರಗಿನ ತುದಿಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಅಂಗಳದಲ್ಲಿ ಹಸು ಗೂಟ ಜಗ್ಗುತ್ತಿತ್ತು. ಕಿರಣನ ಜೇಬಿನಲ್ಲಿ ಫೋನ್ ನಡುಗಿತು. ಮೂರು ದಿನದಿಂದ ಆ ಆರು ಗಂಟೆಯ ಏರ್ಪಾಡನ್ನು ನಿಲ್ಲಿಸಬೇಕು ಅಂದುಕೊಳ್ಳುತ್ತಿದ್ದ, ಕೈ ಆಡಿರಲಿಲ್ಲ.

“ಏನದು?”

“ಆರ್ ಗಂಟೆ ಆಯ್ತಕ್ಕ. ಪುಟ ಬಂತು.”

“ಏನಂತೆ ಇವತ್ತು?”

“ಆನೆ ಇಲ್ಲ ಅಂತೆ.”

“ಯಾರು ನೋಡ್ಕಂಡು ಬಂದ್ರು?”

ಅವಳು ಎದ್ದು ಹೋಗಿ ಹಸುವಿನ ಹಗ್ಗ ಬಿಚ್ಚಿದಳು. ಅದು ಹೊಸ್ತಿಲ ಬಳಿ ಅನುಮಾನಿಸಿತು. ಬೆನ್ನಿಗೆ ಕೈಯಿಟ್ಟು ಒಳಗೆ ದಾಟಿಸಿದಳು.

“ನೀನೂ ಒಳೀಕೆ ಬಾ, ಕತ್ಲಾಯ್ತದೆ,” ಎಂದಳು ಒಳಗಿನಿಂದ.

ಅವನು ಏಳಲಿಲ್ಲ. ಬಾಗಿಲು ಎಳೆದುಕೊಳ್ಳುವ ಸದ್ದಾಯಿತು, ಅರ್ಧಕ್ಕೇ ನಿಂತಿತು. ಆ ಸಂದಿಯಲ್ಲಿ ಹಸುವಿನ ಬಾಲ ಒಮ್ಮೆ ಆಡಿ ಸುಮ್ಮನಾಯಿತು.